ಇಳಿಜಾರಿನಲ್ಲಿ ಈರ್ಯಾಸಮಿತಿ

ಸೈಕಲ್ ಸವಾರನು ಏರು ಬಂದಾಗ ಕೆಳಗಿಳಿದು ತಳ್ಳುವುದು ತುಳುನಾಡಿನಲ್ಲಿ ಎಲ್ಲರೂ ಕಂಡ ದೃಶ್ಯ. ಆದರೆ ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಹಾದಿಯಲ್ಲಿ, ಏರನ್ನು ಪೆಡಲು ತುಳಿದೇ ಹತ್ತಿ, ಇಳಿಜಾರು ಬಂದೊಡನೆ ಕೆಳಗಿಳಿದು, ಎರಡೂ ಬ್ರೇಕುಗಳನ್ನು ಹಿಡಿದು ನೆಲವನ್ನು ನೋಡುತ್ತ ನಡೆಯುವ ಹಿರಿಯರೊಬ್ಬರನ್ನು ಈಚಿನ ಕೆಲವು ವರ್ಷಗಳಿಂದ ಆ ಭಾಗದ ಜನ ಕಾಣುತ್ತಿದ್ದಾರೆ. ಬ್ರೇಕು ಕೆಟ್ಟಿರಬೇಕೆಂದು ಭಾವಿಸಿ ರಿಕ್ಷಾ ನಿಲ್ಲಿಸಿ ವಿಚಾರಿಸಿದವರೂ ಉಂಟು. ಕೆಟ್ಟಿಲ್ಲವೆಂದು ತಿಳಿದ ಮೇಲೆ ನಕ್ಕು ಮುಂದೆ ಹೋದವರೂ ಉಂಟು.

ಆ ಹಿರಿಯರು ಅಡಿಕೆ ಮತ್ತು ಕಾಳುಮೆಣಸಿನ ವ್ಯಾಪಾರಿ. ವಯಸ್ಸು ಅರುವತ್ತನಾಲ್ಕು. ತಾರುಣ್ಯದಲ್ಲಿ ಬಾಕಿ ವಸೂಲಿಗೆಂದು ಕಂಬಿ ಬ್ರೇಕಿನ ಕಪ್ಪು ಸೈಕಲ್ಲಿನಲ್ಲಿ ಊರೂರು ಸುತ್ತಿದವರು. ಆಮೇಲೆ ಸ್ಕೂಟರು, ಕಾರು ಬಂದು ಸೈಕಲ್ಲು ಅಟ್ಟಕ್ಕೆ ಏರಿತು. ಅಂಗಡಿಯ ಹೊಣೆಯನ್ನು ಮಗನಿಗೆ ಒಪ್ಪಿಸಿದ ವರ್ಷ, ಬೆಂಗಳೂರಿನಲ್ಲಿ ಓದುವ ಮೊಮ್ಮಗನು ರಜೆಗೆ ಬಂದಾಗ ತನ್ನ ಗಿಯರ್ ಸೈಕಲ್ಲಿನಲ್ಲಿ ಅಜ್ಜನನ್ನು ಕುಳ್ಳಿರಿಸಿ ನೋಡಿದನು. ಒಂದು ತಿಂಗಳೊಳಗೆ ಅಜ್ಜನಿಗೂ ಅಂಥದೇ ಒಂದು ಬಂತು.

ಈ ಸೀಮೆಯ ಭೂರಚನೆಯೇ ಸೈಕಲ್ ಸವಾರನನ್ನು ಕರೆಯುವಂಥದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕುದುರೆಮುಖದ ಶ್ರೇಣಿ; ನಡುವೆ ಮುರಕಲ್ಲಿನ ಗುಡ್ಡೆಗಳು, ಅವುಗಳ ಬುಡದಲ್ಲಿ ಬೈಲು, ಬೈಲಿನ ಅಂಚಿನಲ್ಲಿ ಅಡಿಕೆ ತೋಟ, ತೋಟದ ಬದಿಗೆ ತೋಡು. ರಸ್ತೆಯು ಒಂದು ಗುಡ್ಡೆಯನ್ನು ಹತ್ತಿ ಇಳಿದು, ತೋಡನ್ನು ದಾಟಿ, ಮತ್ತೊಂದನ್ನು ಹತ್ತುತ್ತದೆ. ಘಾಟಿಯಂತೆ ಗಂಟೆಗಟ್ಟಲೆ ಏರುವ ಕಷ್ಟವಿಲ್ಲ. ಹಾಗೆಂದು ಐದು ನಿಮಿಷ ಸಮತಟ್ಟೂ ಸಿಗುವುದಿಲ್ಲ.

ಮಂಗಳೂರು, ಮೂಡುಬಿದಿರೆ, ಕಾರ್ಕಳಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 169 ಸೈಕಲ್ಲಿಗೆ ಹೇಳಿದ ದಾರಿಯಲ್ಲ. ಅದರ ಬಿಕರ್ನಕಟ್ಟೆ–ಸಾಣೂರು ಭಾಗವನ್ನು ಚತುಷ್ಪಥವಾಗಿಸುವ ಕಾಮಗಾರಿಯನ್ನೂ ಜನ ಕಂಡರು. ಲಾರಿಯ ಗಾಳಿಗೆ ಸೈಕಲ್ಲು ಓಲಾಡುವ ಆ ರಸ್ತೆಯನ್ನು ಬಿಟ್ಟು, ಪೂರ್ವಕ್ಕೆ ತಿರುಗಿದರೆ ಬೇರೊಂದು ಲೋಕ. ಮೂಡುಬಿದಿರೆಯಿಂದ ಹೊಸಂಗಡಿ, ಪೆರಿಂಜೆಗಳ ಮೂಲಕ ವೇಣೂರಿಗೆ ಸುಮಾರು 20 ಕಿ.ಮೀ. ಧರ್ಮಸ್ಥಳದ ಬಸ್ಸುಗಳು ಈ ದಾರಿಯಲ್ಲಿ ಓಡುವುದು ನಿಜ. ಆದರೆ ವಾರದ ನಡುವಿನ ದಿನಗಳಲ್ಲಿ, ಸೂರ್ಯೋದಯದ ಬಳಿಕದ ಮೊದಲ ಒಂದೂವರೆ ಗಂಟೆ, ಹಾಲಿನ ಡಿಪೋಗೆ ಹೋಗುವವರ ಹೊರತು ಹೆಚ್ಚು ಜನರಿಲ್ಲ. ಅಲ್ಲಲ್ಲಿ ಕವಲೊಡೆಯುವ ಗ್ರಾಮರಸ್ತೆಗಳಲ್ಲಿ ಅಷ್ಟೂ ಇಲ್ಲ. ವೇಣೂರಿನಲ್ಲಿ ಫಲ್ಗುಣಿ ನದಿಯ ದಡದ ಬಳಿ, 1604ರಲ್ಲಿ ತಿಮ್ಮಣ್ಣಾಜಿಲನು ಪ್ರತಿಷ್ಠಾಪಿಸಿದ 35 ಅಡಿಯ ಬಾಹುಬಲಿ ಸ್ವಾಮಿಯ ದರ್ಶನ. 2024ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಕಾಲಿಡಲು ಜಾಗವಿಲ್ಲದಿದ್ದ ಆ ಪ್ರಾಂಗಣದಲ್ಲಿ ಬೆಳಗಿನ ಏಳೂವರೆಗೆ ಗುಬ್ಬಿಯ ಸದ್ದು ಕೇಳಿಸುತ್ತದೆ.

ಮುಂದೆ ಹೋಗುವ ಶಕ್ತಿಯುಳ್ಳವರು ವೇಣೂರಿನಿಂದ ಹಳ್ಳಿಗಳ ನಡುವೆ ನಾರಾವಿಯ ಕಡೆಗೆ ಸಾಗಿ, ಅಲ್ಲಿಂದ ಬಜಗೋಳಿಯ ಮೂಲಕ ಕಾರ್ಕಳವನ್ನು ಸೇರಬಹುದು. ಈ ದಾರಿಯಲ್ಲಿ ಬಲಗಡೆಗೆ ಕುದುರೆಮುಖದ ನೀಲಿಗೋಡೆ ಜತೆಯಲ್ಲೇ ಬರುತ್ತದೆ. ಕಾರ್ಕಳದ ಬೋಳುಬಂಡೆಯ ಗುಡ್ಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ಭೈರವರಸನು ನಿಲ್ಲಿಸಿದ 42 ಅಡಿಯ ಮೂರ್ತಿ. ಎದುರಿಗೆ 1586ರ ಚತುರ್ಮುಖ ಬಸದಿ. ಮೂರ್ತಿಯನ್ನು ಬೇರೆಡೆ ಕೆತ್ತಿ, ಅನೇಕ ಗಾಲಿಗಳ ಬಂಡಿಯ ಮೇಲೇರಿಸಿ, ತೆಂಗಿನಕಾಯಿಗಳನ್ನು ಒಡೆಯುತ್ತ ಗುಡ್ಡೆಗೆ ಎಳೆದು ತಂದರೆಂಬ ಐತಿಹ್ಯವಿದೆ. ಕಾರ್ಕಳದ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಮೊಮ್ಮಗನಿಗೆ ಅಜ್ಜ ಆ ಕಥೆ ಹೇಳಿದಾಗ, “ಆ ಬಂಡಿಗೆ ಗಿಯರ್ ಎಷ್ಟಿತ್ತು ಅಜ್ಜ?” ಎಂದು ಅವನು ಕೇಳಿದನು. ಮತ್ತೊಂದು ದಾರಿ ಕಾರ್ಕಳದಿಂದ ಮುನಿಯಾಲಿನ ಕಡೆಯಿಂದ ವರಂಗಕ್ಕೆ. ಅಲ್ಲಿ ಸೈಕಲ್ಲನ್ನು ದಡದಲ್ಲಿ ನಿಲ್ಲಿಸಿ, ದೋಣಿಯಲ್ಲಿ ಕೆರೆಬಸದಿಗೆ ಹೋಗಬೇಕು. ಅಂದ ಹಾಗೆ, ಯಾತ್ರಾಸ್ಥಳಗಳ ಆಡಳಿತದವರು ಕಾರು-ಬಸ್ಸುಗಳಿಗೆಂದು ಎಕರೆಗಟ್ಟಲೆ ನೆಲ ಸಮಗೊಳಿಸುವಾಗ, ಒಂದು ಸೈಕಲ್ಲಿಗೆ ನೆರಳು, ಒಂದು ಕೊಡ ಸೋಸಿದ ನೀರು, ಇಷ್ಟನ್ನು ನೆನೆಯುವುದು ಅಪರೂಪ. ಸೋಸಿದ ನೀರಿನ ವಿಷಯವನ್ನು ಶ್ರಾವಕರಿಗೆ ಬೇರೆಯಾಗಿ ಹೇಳಬೇಕಾದ ಸ್ಥಿತಿ ಬಂದಿರುವುದಂತೂ ವಿಷಾದಕರ.

ಈ ಸವಾರಿಯನ್ನು ಮೊದಲು ಪ್ರಶ್ನಿಸಿದವರು ವ್ಯಾಪಾರಿಯ ಅಕ್ಕ. ಅವರಿಗೆ ಎಪ್ಪತ್ತೊಂದು. ವ್ರತಪ್ರತಿಮೆಯನ್ನು ಸ್ವೀಕರಿಸಿ, ನಿತ್ಯ ಸ್ವಾಧ್ಯಾಯ ನಡೆಸುವವರು. ತಮ್ಮನು ಬೆವರಿ ಬಂದು ಕುಳಿತ ಒಂದು ದಿನ, ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದರು:

“ತಮ್ಮಾ, ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಅದರಲ್ಲಿ ಏನೇನು ಸೇರಿದೆಯೆಂದು ನಿನಗೆ ಜ್ಞಾಪಕ ಉಂಟೋ?”

ಜ್ಞಾಪಕವಿತ್ತು. ಫಲವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು. ಅವುಗಳ ಸಾಲಿನಲ್ಲೇ ಸರಣ ಮತ್ತು ಸಾರಣ. ಕಾರಣವಿಲ್ಲದೆ ತಾನು ಅಲೆಯುವುದು ಸರಣ; ಇತರರನ್ನು ಅಲೆಯಿಸುವುದು ಸಾರಣ. ಮೊಮ್ಮಗನನ್ನೂ ಜತೆಗೆ ಕರೆದೊಯ್ಯುವ ಅಜ್ಜನಿಗೆ ಎರಡೂ ತಗಲುತ್ತವೆ ಎಂಬುದೇ ಅಕ್ಕನ ಮಾತಿನ ಸಾರ.

“ಬಸದಿಗೆ ಹೋಗುತ್ತೇನಲ್ಲ ಅಕ್ಕ.”

“ಬಸದಿ ಇಲ್ಲಿಯೇ ಹದಿನೆಂಟು ಇವೆ. ನೀನು ಹೋಗುವುದು ಬಸದಿಗೋ, ಇಳಿಜಾರಿಗೋ?”

ಪ್ರಾಮಾಣಿಕವಾಗಿ ಹೇಳುವುದಾದರೆ ಉತ್ತರ ಇಳಿಜಾರಿಗೆ ಎಂದೇ ಆಗಬೇಕಿತ್ತು. ಏರು ಹತ್ತಿದವನಿಗೆ ಇಳಿಜಾರು ತನ್ನ ಹಕ್ಕೆಂದು ತೋರುತ್ತದೆ. ವ್ಯಾಪಾರಿಯ ಲೆಕ್ಕದಲ್ಲಿ ನೋಡಿದರೂ ಹಾಗೆಯೇ. ಸವಾರ ಮತ್ತು ಸೈಕಲ್ಲು ಸೇರಿ 80 ಕೆ.ಜಿ. ತೂಕವಿದ್ದರೆ, ಅದನ್ನು 100 ಮೀಟರು ಎತ್ತರಕ್ಕೆ ಒಯ್ಯಲು ದೇಹವು ಖರ್ಚು ಮಾಡುವುದು ಸುಮಾರು 80 ಕಿಲೋಕ್ಯಾಲರಿ, ಒಂದು ದೋಸೆಯ ಬೆಲೆಯೂ ಇಲ್ಲ. ಅಷ್ಟು ಅಲ್ಪ ಬಂಡವಾಳಕ್ಕೆ ಗುಡ್ಡೆಯ ಆಚೆಗಿನ ಮಗ್ಗುಲಲ್ಲಿ ದೊರೆಯುವ ವೇಗವನ್ನು ಕಂಡು ಯಾವ ವ್ಯಾಪಾರಿಯೂ ಹಿಗ್ಗದಿರಲಾರನು. ಪೆಡಲು ತಿರುಗುವುದಿಲ್ಲ, ಉಸಿರು ಮರಳುತ್ತದೆ, ಬೆವರು ಆರುತ್ತದೆ. ಎದುರಿಗೆ ಯಾರೂ ಇಲ್ಲದ ರಸ್ತೆ. ಅರುವತ್ತನಾಲ್ಕರ ದೇಹಕ್ಕೆ ಇಪ್ಪತ್ತರ ನೆನಪು ಬರುವುದು ಆ ಎರಡು ನಿಮಿಷಗಳಲ್ಲಿಯೇ. ಅವರು ಅಂದು ಅಕ್ಕನಿಗೆ ಏನೂ ಉತ್ತರಿಸಲಿಲ್ಲ.

ಮಳೆಗಾಲದಲ್ಲಿ ಸೈಕಲ್ಲು ಒಳಗೇ ಇತ್ತು. ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಅದೇನೂ ತ್ಯಾಗವಲ್ಲ. ಅಕ್ಟೋಬರದಲ್ಲಿ ಬಿಸಿಲು ಕಂಡ ಮೊದಲ ವಾರವೇ ವೇಣೂರಿಗೆ ಹೊರಟರು. ಹಿಂದಿನ ಸಂಜೆ ಗುಡುಗಿನೊಂದಿಗೆ ಒಂದು ಮಳೆ ಬಿದ್ದಿತ್ತು. ಹೊಸಂಗಡಿಗೆ ಹತ್ತಿರದ ಒಂದು ಇಳಿಜಾರಿನಲ್ಲಿ, ಎರಡೂ ಬದಿ ಮರಗಳು ಬಾಗಿ ನೆರಳಾದ ಕಡೆ, ಚಕ್ರದ ಅಡಿಯಲ್ಲಿ ಮೆತ್ತಗೆ ಏನೋ ಹಾದಂತಾಯಿತು. ನಿಲ್ಲುವಷ್ಟರಲ್ಲಿ ಸೈಕಲ್ಲು ಬಹುದೂರ ಹೋಗಿತ್ತು. ಹಿಂದಿರುಗಿ ನೋಡಿದರೆ ಒಂದು ಕೇರೆಯ ಮರಿ. ಬೆನ್ನು ಮುರಿದಿತ್ತು, ಮುಂದಿನ ಅರ್ಧ ಇನ್ನೂ ರಸ್ತೆಯ ಆಚೆಗೆ ಹೋಗಲು ಯತ್ನಿಸುತ್ತಿತ್ತು. ಅವರು ಒಂದು ಅಡಿಕೆ ಹಾಳೆಯನ್ನು ಹುಡುಕಿ ತಂದು, ಅದನ್ನು ಎತ್ತಿ ಬದಿಯ ಹುಲ್ಲಿನಲ್ಲಿಟ್ಟರು. ಬಳಿಯಲ್ಲಿ ಕುಳಿತು ಣಮೋಕಾರ ಮಂತ್ರವನ್ನು ಹೇಳಿದರು. ಸುಮಾರು ಕಾಲು ಗಂಟೆ ಅದಕ್ಕೆ ಜೀವವಿತ್ತು. ಅಷ್ಟು ಹೊತ್ತಿನಲ್ಲಿ ಆ ರಸ್ತೆಯಲ್ಲಿ ಒಂದು ವಾಹನವೂ ಬರಲಿಲ್ಲ. ಅಂದರೆ, ಅಂದು ಬೆಳಿಗ್ಗೆ ಆ ಮರಿಗೆ ಆ ರಸ್ತೆಯಲ್ಲಿ ಇದ್ದ ಅಪಾಯ ಒಬ್ಬನೇ ಒಬ್ಬ ಸವಾರ.

ವೇಣೂರಿಗೆ ಹೋಗದೆ ಮನೆಗೆ ಮರಳಿದರು. ಸಂಜೆ ಅಕ್ಕನಿಗೆ ಹೇಳಿದರು. ಅಕ್ಕ ಗದರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: “ನಿನಗೆ ಎಷ್ಟು ಮೊಳ ಮುಂದೆ ಕಾಣುತ್ತಿತ್ತು?”

ಮುನಿಗಳು ನಡೆಯುವಾಗ ಒಂದು ಯುಗದಷ್ಟು, ಎಂದರೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಶ್ರಾವಕನಿಗೆ ಅದು ಮಹಾವ್ರತಿಯಷ್ಟು ಕಟ್ಟಳೆಯಲ್ಲವಾದರೂ ಅಭ್ಯಾಸಕ್ಕೆ ಯೋಗ್ಯವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾಲ್ಕೇ ಮೊಳ ಏಕೆ? ನಡೆಯುವವನು ಒಂದು ಹೆಜ್ಜೆಯಲ್ಲಿ ನಿಲ್ಲಬಲ್ಲನು. ನಾಲ್ಕು ಮೊಳ, ಸುಮಾರು ಆರು ಅಡಿ, ಅವನಿಗೆ ಸಾಕಾಗಿ ಉಳಿಯುತ್ತದೆ. ಚಕ್ರದ ಮೇಲಿರುವವನಿಗೆ ಅದು ಸಾಕೆ?

ಬಿ.ಕಾಂ. ಓದಿದ ವ್ಯಾಪಾರಿಗೆ ಪ್ರಶ್ನೆಯನ್ನು ಅಂಕಿಗೆ ಇಳಿಸದೆ ನೆಮ್ಮದಿಯಿಲ್ಲ. ಮೊಮ್ಮಗನ ಭೌತಶಾಸ್ತ್ರದ ಪುಸ್ತಕದ ಸೂತ್ರವನ್ನು ತೆಗೆದುಕೊಂಡು ಕುಳಿತರು. ಕಂಡದ್ದನ್ನು ಮನಸ್ಸು ಗ್ರಹಿಸಿ ಬೆರಳು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಂಡರು. ಒಣ ರಸ್ತೆ, ಒಳ್ಳೆಯ ಬ್ರೇಕು, ಸಮತಟ್ಟು ಎಂದೂ ಭಾವಿಸಿದರು. ಗಂಟೆಗೆ 10 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 4 ಮೀಟರು ಬೇಕು, ಒಂಬತ್ತು ಮೊಳ. 20 ಕಿ.ಮೀ. ವೇಗದಲ್ಲಿ ಸುಮಾರು 11 ಮೀಟರು, ಇಪ್ಪತ್ತಮೂರು ಮೊಳ. 40 ಕಿ.ಮೀ. ವೇಗದಲ್ಲಿ 32 ಮೀಟರು, ಎಪ್ಪತ್ತು ಮೊಳ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಚಕ್ರಬಡ್ಡಿಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಒದ್ದೆ ಇಳಿಜಾರಿನಲ್ಲಿ ಈ ಅಂಕಿಗಳೆಲ್ಲ ಇನ್ನೂ ಬೆಳೆಯುತ್ತವೆ. ಮರುದಿನ ಅವರು ಅದೇ ಇಳಿಜಾರಿಗೆ ಹೋಗಿ, ಕಿರುಬೆರಳಿನಷ್ಟು ಉದ್ದದ ಒಂದು ಕಂದು ಕಡ್ಡಿಯನ್ನು ನೆರಳಿನ ಡಾಮರಿನ ಮೇಲಿಟ್ಟು, ಹಿಂದೆ ಹಿಂದೆ ನಡೆದು, ಎಲ್ಲಿಯವರೆಗೆ ಕಾಣುವುದೆಂದು ಅಳೆದರು. ಕನ್ನಡಕವಿದ್ದ ಅವರ ಕಣ್ಣಿಗೆ ಹದಿನೆಂಟು ಮೊಳದಾಚೆ ಕಡ್ಡಿಯಿರಲಿಲ್ಲ. ಹಿಂದಿನ ದಿನ ವೇಗಮಾಪಕ ತೋರಿಸಿದ್ದು 38.

ಹದಿನೆಂಟು ಮೊಳ ಕಾಣುವ ಕಣ್ಣು, ಅರುವತ್ತಕ್ಕೂ ಮಿಕ್ಕಿದ ಮೊಳ ಬೇಡುವ ವೇಗ. ನಡುವಿನ ಅಂತರದಲ್ಲಿ ಇದ್ದದ್ದು ಕೇರೆಯ ಮರಿ. ಸಾಲ ತೀರಿಸಲಾಗದೆಂದು ತಿಳಿದೂ ಮಾಡುವ ಸಾಲವನ್ನು ವ್ಯಾಪಾರದಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೋ, ಇದನ್ನೂ ಅದೇ ಹೆಸರಿನಿಂದ ಕರೆಯಬೇಕೆಂದು ಅವರು ಅಂದು ಮಗನೊಡನೆ ಹೇಳಿದರಂತೆ. ಎಚ್ಚರದಿಂದ ನಡೆಯುವವನ ಕಾಲಡಿ ಅಕಸ್ಮಾತ್ತಾಗಿ ಜೀವವೊಂದು ಸಿಕ್ಕಿದರೆ ಅವನಿಗೆ ಹಿಂಸೆಯ ಬಂಧವಿಲ್ಲವೆಂದು, ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಹೇಳಿದ್ದುಂಟು. ಅದನ್ನು ಎತ್ತಿ ಅವರನ್ನು ಸಮಾಧಾನಪಡಿಸಲು ಬಂದವರು ಇಬ್ಬರು. ಕಾಣದ ದೂರವನ್ನು ಕಂಡಂತೆ ಓಡಿಸಿದವನಿಗೆ ಆ ವಾಕ್ಯ ರಕ್ಷಣೆಯಾಗದೆಂದು ಅವರೇ ಇಬ್ಬರನ್ನೂ ತಿದ್ದಿ ಕಳುಹಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ತೋರಿಸಿದವರೂ ಅಕ್ಕನೇ. ವಟ್ಟಕೇರಾಚಾರ್ಯರ ಮೂಲಾಚಾರವು ಈರ್ಯೆಗೆ ನಾಲ್ಕು ಶುದ್ಧಿಗಳನ್ನು ಹೇಳುತ್ತದೆ: ಮಾರ್ಗ, ಉದ್ಯೋತ, ಉಪಯೋಗ, ಆಲಂಬನ. ಹೋಗುವ ದಾರಿ ಶುದ್ಧವಿರಬೇಕು, ಸೂರ್ಯನ ಬೆಳಕಿರಬೇಕು, ಮನಸ್ಸು ಅಲ್ಲಿಯೇ ಇರಬೇಕು, ಹೋಗಲು ತಕ್ಕ ಕಾರಣವಿರಬೇಕು. ಬೆಳಕಿನ ವಿಷಯದಲ್ಲಿ ತಮ್ಮನಿಗೆ ತೊಡಕಿರಲಿಲ್ಲ. ರಾತ್ರಿಭೋಜನ ತ್ಯಾಗವುಳ್ಳ ಮನೆಯವರು ಸೂರ್ಯಾಸ್ತದೊಳಗೆ ಹೇಗೂ ಮರಳುತ್ತಾರೆ. ತೊಡಕಿದ್ದುದು ಮಾರ್ಗದಲ್ಲಿ. ಬಂಡಿ, ವಾಹನ, ದನ, ಜನ ಬಹುವಾಗಿ ಓಡಾಡಿ ಸವೆದ ದಾರಿಯೇ ಪ್ರಾಸುಕ, ಜೀವರಹಿತ ಎಂಬುದು ಗ್ರಂಥದ ಅಭಿಪ್ರಾಯ. ಆ ಅಳತೆಯಿಂದ ನೋಡಿದರೆ ಲಾರಿಗಳ ಹೆದ್ದಾರಿಯೇ ಪ್ರಾಸುಕ! ಸವಾರರು ಹುಡುಕಿ ಹುಡುಕಿ ಹೋಗುವ ನಿಶ್ಶಬ್ದ ರಸ್ತೆ, ಯಾರೂ ಓಡಾಡದ ಕಾರಣದಿಂದಲೇ, ಜೀವರಾಶಿಯ ಅಂಗಳ. ಮಳೆ ನಿಂತ ಬೆಳಗಿನಲ್ಲಿ ಎರೆಹುಳು ಅಲ್ಲಿಗೇ ಬರುತ್ತದೆ. ಬಸವನಹುಳು, ಸಹಸ್ರಪದಿ, ಗದ್ದೆಯ ಏಡಿ ಅಲ್ಲಿಯೇ ದಾಟುತ್ತವೆ. ಹಾವು ಬಿಸಿಲು ಕಾಯಿಸಲು ಆ ಡಾಮರನ್ನೇ ಆರಿಸುತ್ತದೆ. ಮನುಷ್ಯನಿಗೆ ಖಾಲಿಯೆಂದು ತೋರುವ ದಾರಿ ಖಾಲಿಯಲ್ಲ. ವಿರಳ ಸಂಚಾರದ ದಾರಿಯನ್ನು ಆರಿಸಿದವನ ಹೊಣೆ ಅಷ್ಟರಮಟ್ಟಿಗೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾದರೆ ಹೆದ್ದಾರಿಗೇ ಹೋಗಬೇಕೆ? ಸವಾರಿಯನ್ನೇ ಬಿಡಬೇಕೆ? ಕಾರಿನಲ್ಲಿ ಹೋಗುವವನ ಅಡಿಯಲ್ಲಿ ಎಷ್ಟು ಸಾಯುತ್ತವೆಯೆಂಬುದನ್ನು ಅವನು ಕಾಣುವುದೂ ಇಲ್ಲ. ಸೈಕಲ್ಲಿನವನು ಕನಿಷ್ಠ ಕಾಣುತ್ತಾನೆ, ಕೆಲವೊಮ್ಮೆ ನಿಲ್ಲುತ್ತಾನೆ. ಈ ವಾದವನ್ನು ತಮ್ಮನು ಮುಂದಿಟ್ಟಾಗ, “ಇನ್ನೊಬ್ಬನ ಖಾತೆಯ ನಷ್ಟ ನಿನ್ನ ಖಾತೆಯ ಲಾಭವಲ್ಲ” ಎಂದು ಅಕ್ಕ ಅದನ್ನು ಅಲ್ಲಿಗೇ ನಿಲ್ಲಿಸಿದರು. ಆದರೂ ಬಿಡಬೇಕೆಂದು ಅವರು ಹೇಳಲಿಲ್ಲ. ವೈದ್ಯರು ರಕ್ತದೊತ್ತಡದ ಮಾತ್ರೆಯನ್ನು ಅರ್ಧಕ್ಕಿಳಿಸಿದ್ದು ಅವರಿಗೂ ಗೊತ್ತಿತ್ತು.

ತಮ್ಮನು ತಾನಾಗಿಯೇ ಕೆಲವು ಮಿತಿಗಳನ್ನು ಹಾಕಿಕೊಂಡರು. ಆಷಾಢದಿಂದ ಕಾರ್ತಿಕದವರೆಗೆ, ಮುನಿಗಳು ವರ್ಷಾಯೋಗದಲ್ಲಿ ನೆಲೆ ನಿಲ್ಲುವಷ್ಟು ಕಾಲ, ಸೈಕಲ್ಲು ಹೊರಡುವುದಿಲ್ಲ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಬಿಸಿಲೇರಿ ರಸ್ತೆ ಒಣಗಿದ ಮೇಲೆಯೇ ಪ್ರಯಾಣ. ಸಮತಟ್ಟಿನಲ್ಲಿ 15 ಕಿ.ಮೀ. ವೇಗ ಮೀರುವುದಿಲ್ಲ. ನೆರಳಿನ ಇಳಿಜಾರುಗಳಲ್ಲಿ, ಬಿಸಿಲಿನ ಚುಕ್ಕೆಗಳ ನಡುವೆ ನೆಲ ಸರಿಯಾಗಿ ಕಾಣದ ಕಡೆ, ಇಳಿದು ನಡೆಯುವುದು. ದೇಶವ್ರತದಂತೆ, ಹೊರಡುವ ಮುನ್ನ ಎಲ್ಲಿಯವರೆಗೆ ಹೋಗುವುದೆಂದು ನಿಶ್ಚಯಿಸಿ ಅದರಾಚೆಗೆ ಚಕ್ರ ತಿರುಗಿಸದಿರುವುದು. ಮೊದಲಿನ ಒಂದೂವರೆ ಗಂಟೆಯ ವೇಣೂರು ಈಗ ಎರಡೂಕಾಲು ಗಂಟೆಯಾಗಿದೆ. ಮೊಮ್ಮಗನಿಗೆ ಇದು ಮೊದಲು ರುಚಿಸಲಿಲ್ಲ. ಕೆಳಗೆ ಹೋಗಿ, ಸೇತುವೆಯ ಬಳಿ ಕಾಯುತ್ತಿದ್ದನು. ಅವನನ್ನು ಒತ್ತಾಯಿಸಬಾರದೆಂದು ಅಜ್ಜ ಸುಮ್ಮನಿದ್ದರು; ಒತ್ತಾಯದ ವ್ರತ ಅಂಗಡಿಯ ಉದ್ದರಿಯಂತೆ, ಬರುವ ನಂಬಿಕೆಯಿಲ್ಲ.

ಜತೆಗೆ ಒಂದು ಪುಸ್ತಕವನ್ನೂ ಇಟ್ಟರು. ಜಮಾ-ಖರ್ಚಿನ ಹಳೆಯ ಉದ್ದಪುಸ್ತಕ. ರಸ್ತೆಯ ಮೇಲೆ ಕಂಡ ಜೀವಿಗಳನ್ನೆಲ್ಲ ಅದರಲ್ಲಿ ಬರೆಯುವುದು: ಕಂಡು ತಪ್ಪಿಸಿದ್ದು ಒಂದು ಕಡೆ, ಇತರರ ಚಕ್ರಕ್ಕೆ ಸಿಕ್ಕಿ ಸತ್ತಿದ್ದು ಇನ್ನೊಂದು ಕಡೆ. ತಮ್ಮ ಚಕ್ರಕ್ಕೆ ಸಿಕ್ಕಿದ್ದಕ್ಕೆಂದು ಮೂರನೆಯ ಕಂಬವೂ ಇದೆ. ಅದರ ಮೊದಲ ಸಾಲಿನಲ್ಲಿ ಕೇರೆಯ ಮರಿ, ತಾರೀಖಿನೊಂದಿಗೆ. ಅದರ ಕೆಳಗೆ ಇದುವರೆಗೆ ಇನ್ನೂ ಮೂರು ಸಾಲುಗಳು ತುಂಬಿವೆ.

ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ ಅವರು ಹೊರಟು ನಿಂತಾಗ ಅಕ್ಕ ಒಳಗಿನಿಂದ ಒಂದು ಸಣ್ಣ ಸ್ಟೀಲಿನ ಡಬ್ಬಿಯನ್ನು ತಂದುಕೊಟ್ಟರು. ಮೊಣಕಾಲಿನ ನೋವಿನಿಂದ ಅವರಿಗೆ ವೇಣೂರಿಗೆ ಹೋಗಲಾಗದೆ ಒಂದು ವರ್ಷ ಕಳೆದಿತ್ತು. “ಗಂಧೋದಕ ತೆಗೆದುಕೊಂಡು ಬಾ. ಮುಚ್ಚಳ ಸ್ವಲ್ಪ ಸಡಿಲ, ನೋಡಿಕೊ” ಎಂದರು. ಆಲಂಬನಶುದ್ಧಿಯ ಪ್ರಸ್ತಾಪವನ್ನು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮೊದಲು ಮರಳಿದಾಗ ಡಬ್ಬಿಯಲ್ಲಿ ಮುಕ್ಕಾಲು ಉಳಿದಿತ್ತು. ಅಕ್ಕ ಅದನ್ನು ಕಣ್ಣಿಗೊತ್ತಿ, ಹಣೆಗೆ ಹಚ್ಚಿಕೊಂಡು, ಪುಸ್ತಕವನ್ನು ತರಿಸಿ ನೋಡಿದರು. ಹೊಸಂಗಡಿಯ ಬಳಿಯ ಆ ಇಳಿಜಾರಿನ ಹೆಸರಿನಲ್ಲಿ ಅಂದು ಎರಡು ಸಾಲುಗಳಿದ್ದವು. ಹೋಗುವಾಗ, ಇಳಿಯುತ್ತ: ನಾಲ್ಕು. ಬರುವಾಗ, ಏರುತ್ತ: ಹನ್ನೊಂದು.

“ಒಂದೇ ದಾರಿಯಲ್ಲವೋ?” ಎಂದರು ಅಕ್ಕ.

“ಒಂದೇ ದಾರಿ.”

“ಇಳಿದು ನಡೆದೆಯಾ?”

ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವತ್ತು ಕೊನೆಯ ಸ್ವಲ್ಪ ದೂರ ಕುಳಿತೇ ಹೋದೆ” ಎಂದರು.

ಅಕ್ಕ ಪುಸ್ತಕವನ್ನು ಮುಚ್ಚಿ ಊಟಕ್ಕೆ ಎಲೆ ಹಾಕಲು ಹೇಳಿದರು.